ಸೋಮವಾರದ ಉಣ್ಣೆ

ಮೊನ್ನೆ ಹಗರಿಬೊಮ್ಮನಹಳ್ಳಿಯಲ್ಲಿ, ಮಗನ ಮನೆಯ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಎದುರಿನ ಗೋಡೆಗೆ ಹೊಸದಾಗಿ ಬೆಣ್ಣೆಯಂಥ ಬಣ್ಣ ಬಳಿಸಿದ್ದಾರೆ. ಆ ಗೋಡೆಯ ಮೇಲೆ ಕಡಲೆಬೇಳೆಯಷ್ಟು ದೊಡ್ಡದು, ಕಂದುಬಣ್ಣದ್ದು, ಏನೋ ಒಂದು ಮೆಲ್ಲಗೆ ಮೇಲೆ ಹತ್ತುತ್ತಿತ್ತು. ಕನ್ನಡಕ ಹಾಕಿದರೂ ನನಗೆ ಪೇಪರಿನ ಅಕ್ಷರ ಸರಿಯಾಗಿ ಕಾಣುವುದಿಲ್ಲ, ಆದರೆ ಕೆಲವು ಜೀವಗಳನ್ನು ನಡಿಗೆಯಲ್ಲೇ ಗುರುತು ಹಿಡಿಯುತ್ತೇನೆ. ಅದು ನಾಯಿಯ ಮೈಗೆ ಹತ್ತುವ ಉಣ್ಣೆ.

ಮೊಮ್ಮಗಳು ಪಲ್ಲವಿ ಒಂದು ನಾಯಿ ಸಾಕಿದ್ದಾಳೆ. ಬಿಳಿ ಕೂದಲು, ಹೆಸರು ಪಿಂಕಿ, ಮಲಗುವುದು ಸೋಫಾದ ಮೇಲೆ. ನಾನು ಬಂದು ಕೂತರೆ ಎದ್ದು ಜಾಗ ಕೊಡುವಷ್ಟು ಮರ್ಯಾದೆಯೂ ಅದಕ್ಕಿಲ್ಲ. ಪಲ್ಲವಿ ಗೋಡೆಯ ಮೇಲಿನ ಉಣ್ಣೆಯನ್ನು ಕಾಗದದ ತುಣುಕಿನಲ್ಲಿ ಹಿಡಿದು ಕಿಟಕಿಯ ಕಡೆ ಹೊರಟಳು.

"ಎಲ್ಲಿಗೆ ಒಯ್ತೀಯ ಅದನ್ನ?" ಎಂದೆ.

"ಹೊರಗ ಒಗೀತೀನಿ ಅಜ್ಜಿ."

"ಹೊರಗ ಒಗದ್ರ ತನ್ನ ಬಳಗ ಎಲ್ಲಾ ಕಟ್ಕೊಂಡು ಬರ್ತೈತಿ. ಒಂದು ಮುಚ್ಚಳ ಇರೋ ಡಬ್ಬಿ ತಾ."

"ಡಬ್ಬಿ ಯಾಕ? ಚಪ್ಪಲೀಲೆ ತಿಕ್ಕಿದ್ರ ಮುಗೀತಲ್ಲ."

"ಇವತ್ತು ಯಾವ ವಾರ?"

"ಸೋಮವಾರ. ಯಾಕ?"

"ಮೊದ್ಲು ಡಬ್ಬಿ ತಾ."

ಅಜ್ಜಿಗೆ ಅರವತ್ತು ದಾಟಿ ತಲೆಯೂ ದಾಟಿತು ಎನ್ನುವ ಮುಖ ಮಾಡಿಕೊಂಡು ಒಳಗೆ ಹೋದಳು. ಅವಳದೇನೂ ತಪ್ಪಿಲ್ಲ. ಇನ್ನೊಬ್ಬರು ಕೇಳಿದ್ದರೆ ನಾನೂ ಹಾಗೇ ನೋಡುತ್ತಿದ್ದೆ. ಅವಳು ಡಬ್ಬಿ ಹುಡುಕಿ ತರುವಷ್ಟರಲ್ಲಿ ನಿಮಗಾದರೂ ಹೇಳಿಬಿಡುತ್ತೇನೆ, ಕೂತುಕೊಳ್ಳಿ. ಕೈ ಖಾಲಿ ಇದ್ದರೆ ನಾಲ್ಕು ಕಾಯಿ ಸುಲಿಯಿರಿ.

ನಮ್ಮ ಊರು ತೆಲಿಗಿಯ ಹತ್ತಿರ. ಇದು ನಡೆದದ್ದು ನಮ್ಮ ಹರಪನಹಳ್ಳಿ ತಾಲೂಕನ್ನು ಬಳ್ಳಾರಿಯಿಂದ ಬಿಡಿಸಿ ದಾವಣಗೆರೆಗೆ ಸೇರಿಸಿದ ಹೊಸದರಲ್ಲಿ. ಆಮೇಲೆ ಮತ್ತೆ ಬಳ್ಳಾರಿಗೆ ಕೊಟ್ಟರು, ಈಗ ವಿಜಯನಗರ ಅನ್ನುತ್ತಾರೆ. ನಾವು ಕೂತಲ್ಲೇ ಕೂತಿದ್ದೇವೆ, ಜಿಲ್ಲೆಗಳು ಬಂದು ಹೋಗುತ್ತಿವೆ. ಇರಲಿ. ಮನೆ ಕಲ್ಲು ಮಣ್ಣಿನದು. ಹಿಂದೆ ದೊಡ್ಡ ಹಿತ್ತಲು, ಹಿತ್ತಲಿಗೆ ಎದೆಮಟ್ಟದ ಕಲ್ಲಿನ ಗೋಡೆ, ಗೋಡೆಯ ಪಕ್ಕ ಒಂದು ಬೇವಿನ ಮರ. ಆ ಗೋಡೆಯ ಸಂದಿಗಳು ಎಷ್ಟಿದ್ದವೆಂದರೆ, ನಾನು ಮದುವೆಯಾಗಿ ಬಂದಾಗ ನನ್ನ ಅತ್ತೆ ಒಂದು ಸಂದಿಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಕುಡುಗೋಲು, ಮತ್ತೊಂದರಲ್ಲಿ ಯಾರಿಗೂ ಕಾಣದ ಹಾಗೆ ನಶ್ಯದ ಡಬ್ಬಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೂ ಎಷ್ಟೋ ದಿನ ಆ ಸಂದಿಯ ಹತ್ತಿರ ಹೋದರೆ ನನಗೆ ಸೀನು ಬರುತ್ತಿತ್ತು.

ಅತ್ತೆ ಹೋದ ಮೇಲೆ ನನ್ನ ಮಾವ, ಅಂದರೆ ನನ್ನ ಗಂಡನ ತಂದೆ, ಮಾತು ಕಡಿಮೆ ಮಾಡಿದರು. ನಮ್ಮ ಜೊತೆ ಬೇಕಾದಷ್ಟೇ. ನಾಯಿಯ ಜೊತೆ ಮಾತ್ರ ಬೇಡವಾದದ್ದೂ. ಊಟಕ್ಕೆ ಕೂತರೆ ಮೊದಲನೆಯ ರೊಟ್ಟಿಯ ಮೊದಲನೆಯ ಚೂರು ಬಾಗಿಲಲ್ಲಿ ಕೂತ ನಾಯಿಗೆ. ಅದು ತಿಂದ ಮೇಲೆ ಇವರ ಬಾಯಿಗೆ ತುತ್ತು. ನನಗೆ ಇದು ಹಿಡಿಸುತ್ತಿರಲಿಲ್ಲ. ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ರೊಟ್ಟಿ ಬಡಿಯುವವಳು ನಾನು, ಬಿಸಿ ರೊಟ್ಟಿಯ ಮರ್ಯಾದೆ ನಾಯಿಗೆ. ನಾಯಿ ಎಂದರೆ ಮನೆ ಕಾಯುವುದಕ್ಕೆ ಇರುವುದು ಎಂದುಕೊಂಡವಳು ನಾನು, ಈಗಲೂ ಅಷ್ಟೇ.

ಮೊದಲು ಕರಿಯ ಎಂಬ ನಾಯಿ ಇತ್ತು. ಚೆನ್ನಾಗಿದ್ದದ್ದು ಒಂದು ಬೇಸಿಗೆಯಲ್ಲಿ ಅನ್ನ ಬಿಟ್ಟಿತು, ಕೆಂಪಗೆ ಉಚ್ಚೆ ಹೊಯ್ದಿತು, ಸತ್ತಿತು. ಯಾರದೋ ಕಣ್ಣು ತಾಗಿತು ಅಂದರು, ಹಾವು ಮುಟ್ಟಿತು ಅಂದರು. ಮಾವ ಊಟಕ್ಕೆ ಕೂತಾಗ ರೊಟ್ಟಿಯ ಚೂರು ಮುರಿದು, ಬಾಗಿಲ ಕಡೆ ನೋಡಿ, ಕೈಯಲ್ಲೇ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಪಲ್ಯ ಆರಿ ಕಲ್ಲಾಗುತ್ತಿತ್ತು. ಹೊಲಕ್ಕೆ ಹೋಗಿ ಬರುವ ಮನುಷ್ಯ ಅರ್ಧ ರೊಟ್ಟಿಗೆ ಇಳಿದರು, ಪಂಚೆ ಸೊಂಟದಲ್ಲಿ ನಿಲ್ಲದ ಹಾಗಾಯಿತು. ಕೊನೆಗೆ ನಾನೇ ನಮ್ಮ ತಾಲೂಕಿನದೇ ಆದ ಅರಸೀಕೆರೆಯ ಸಂತೆಗೆ ಹೋದಾಗ ನಮ್ಮ ಬಳಗದವರ ಮನೆಯಿಂದ ಒಂದು ಕೆಂಚು ಹೆಣ್ಣುಮರಿಯನ್ನು ಮೆಣಸಿನಕಾಯಿಯ ಚೀಲದಲ್ಲಿ ಹಾಕಿಕೊಂಡು ಬಂದೆ. ದಾರಿಯುದ್ದಕ್ಕೂ ಅದು ಸೀನಿತು. ನಾಯಿಯ ಮೇಲಿನ ಪ್ರೀತಿಯಿಂದ ತಂದೆ ಎಂದುಕೊಳ್ಳಬೇಡಿ, ಮಾಡಿದ ಅಡುಗೆ ಉಳಿಯುವುದನ್ನು ನೋಡಲಾರದೆ ತಂದೆ. ಅದೇ ಕೆಂಚಿ.

ಮರು ಬೇಸಿಗೆಗೆ ಕೆಂಚಿಯೂ ಅನ್ನ ಬಿಟ್ಟಳು.

ಮೈಮೇಲೆ ಕೈ ಆಡಿಸಿದರೆ ಹುಣಸೆಬೀಜ ಹರಡಿದ ಹಾಗೆ ಉಣ್ಣೆ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕುತ್ತಿಗೆಯ ಮಡಿಕೆಯಲ್ಲಿ. ಮಾವ ಬಾಗಿಲಲ್ಲಿ ಕೂತು ರೊಟ್ಟಿ ಹಿಡಿದು "ತಿನ್ನವ್ವಾ, ಒಂದು ಚೂರು, ನನ್ನವ್ವಾ" ಎಂದು ಬೇಡಿಕೊಳ್ಳುವುದನ್ನು ನೋಡಿ ನಾನೇ ಹೇಳಿದೆ: "ಏಳ್ರಿ ಮಾವಾರ, ತೆಲಿಗಿ ದವಾಖಾನಿಗೆ ಒಯ್ಯೋಣ."

ಬಸ್ಸಿಗೆ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಮಾವನಿಗೆ ಗೊತ್ತಿತ್ತು. ಕೆಂಚಿಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಕಂಡಕ್ಟರು ಬಂದ.

"ಯಾರ ಯಜ್ಜಾ ಅದು ಕಂಬಳ್ಯಾಗ?"

"ಮೊಮ್ಮಗಳಪಾ. ಜ್ವರ ಬಂದಾವ."

ಕಂಡಕ್ಟರು ಬಗ್ಗಿ ನೋಡಿದ. "ನಿನ್ನ ಮೊಮ್ಮಗಳಿಗೆ ಬಾಲ ಐತಲ್ಲ ಯಜ್ಜಾ!"

"ಬಾಲ ಇದ್ರ ಏನಾತು, ಜ್ವರ ಖರೇವ ಅದಾವಲ್ಲ" ಎಂದರು ಮಾವ. ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರು ಅವಳ ಹಣೆ ಮುಟ್ಟಿ ನೋಡಿ ಮುಂದಕ್ಕೆ ಹೋದ. ಜೀವನದಲ್ಲಿ ನನ್ನ ಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ದನದ ದವಾಖಾನೆಯ ಡಾಕ್ಟರು ಕೆಂಚಿಯ ತುಟಿ ಎತ್ತಿ ತೋರಿಸಿದರು. ಒಸಡು ಒಗೆದ ಪಂಚೆಯ ಹಾಗೆ ಬೆಳ್ಳಗಾಗಿತ್ತು. "ಉಣ್ಣಿ ಜ್ವರ ಇದು. ರಕ್ತ ಕುಡಿಯೋದಲ್ಲದ ಒಳಗ ರೋಗ ಬಿಟ್ಟು ಹೋಗ್ತಾವ. ಇಂಜೆಕ್ಷನ್ ಕೊಟ್ಟೀನಿ, ಉಳೀತೈತಿ ಅಂತ ಮಾತು ಕೊಡಂಗಿಲ್ಲ" ಎಂದರು. ಆಮೇಲೆ ಕೈ ತೊಳೆಯುತ್ತಾ, "ನಾಯಿಗೆ ನಾ ಔಷಧ ಕೊಡ್ತೀನಿ ಅಜ್ಜಾರ, ನಿಮ್ಮ ಹಿತ್ತಲಕ್ಕ ಯಾರು ಕೊಡ್ತಾರ?" ಎಂದು ಕೇಳಿದರು.

"ಹಿತ್ತಲಕ್ಕ ಏನಾಗೇತ್ರಿ?"

"ಉಣ್ಣಿ ಮನಿ ಅಲ್ಲೇ ಐತಿ. ಹೊಟ್ಟಿ ತುಂಬಿದ ಹೆಣ್ಣುಣ್ಣಿ ಕೆಳಗ ಇಳದು ನೆಳ್ಳು ಹುಡುಕ್ತೈತಿ, ಗ್ವಾಡಿ ಸಂದಿ ಹುಡುಕ್ತೈತಿ. ಒಂದೊಂದು ಸಾವಿರಗಟ್ಲೆ ಮೊಟ್ಟಿ ಇಡ್ತೈತಿ. ಆ ಮರಿ ಎಲ್ಲಾ ಮತ್ತ ನಾಯಿ ಮ್ಯಾಲೆ. ಹಿತ್ತಲ ಸ್ವಚ್ಛ ಮಾಡ್ಲಿಲ್ಲಂದ್ರ ಈ ನಾಯಿ ಉಳದ್ರೂ ಮುಂದಿನ ಸಲ ಉಳಿಯಂಗಿಲ್ಲ."

ಮಾವ ತಲೆ ಆಡಿಸಿದರು. ನಾನೂ ಆಡಿಸಿದೆ. ಇಬ್ಬರ ತಲೆಗೂ ಏನೂ ಹೊಳೆಯಲಿಲ್ಲ.

ಹೊಳೆದದ್ದು ಸೋಮವಾರ. ಸೋಮವಾರ ಬಸವಣ್ಣನ ವಾರ, ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವು ಎಂದರೆ ಒಕ್ಕಲಿಗನಿಗೂ ಬಿಡುವು. ಮಾವ ಅವತ್ತು ಎತ್ತುಗಳ ಮೈ ತೊಳೆದು, ಬೇವಿನ ನೆರಳಿನಲ್ಲಿ ಕೂತು ಎತ್ತಿನವೂ ನಾಯಿಯವೂ ಉಣ್ಣೆ ಕೀಳುತ್ತಿದ್ದರು. ಕಿತ್ತದ್ದನ್ನು ತೆಂಗಿನ ಚಿಪ್ಪಿನಲ್ಲಿ ಹಾಕುತ್ತಿದ್ದರು. ಬೇರೆ ದಿನ ಕೈಗೆ ಸಿಕ್ಕರೆ ಉಗುರಲ್ಲೇ ಚಟಕ್ ಎನ್ನಿಸುವ ಮನುಷ್ಯ, ಸೋಮವಾರ ಮಾತ್ರ ಒಂದನ್ನೂ ಕೊಲ್ಲುತ್ತಿರಲಿಲ್ಲ. ಚಿಪ್ಪನ್ನು ಗೋಡೆಯ ಬುಡಕ್ಕೆ ಒಯ್ದು ಮೆಲ್ಲಗೆ ಬೋರಲು ಹಾಕುತ್ತಿದ್ದರು. ಬಿಸಿಲಿಗೆ ಬೆಂದು ಸತ್ತರೆ ಅದೂ ಕೊಂದ ಹಾಗೇ ಎಂದು ನೆರಳು ನೋಡಿ ಹಾಕುತ್ತಿದ್ದರು. ಎಷ್ಟೋ ವರ್ಷದಿಂದ ಇದನ್ನು ನಾನು ನೋಡಿದ್ದೆ. ದಿನಾ ಬಾವಿಗೆ ಹೋಗುವವಳು ಬಾವಿಯ ಕಲ್ಲನ್ನು ನೋಡುತ್ತಾಳೆಯೇ? ಹಾಗೆ ನೋಡಿದ್ದೆ.

ಅವತ್ತು ಮುಸುರೆ ಚೆಲ್ಲಲು ಹಿತ್ತಲಿಗೆ ಬಂದೆ. ಮಾವ ಬಗ್ಗಿ ಚಿಪ್ಪು ಬೋರಲು ಹಾಕುತ್ತಾ "ಹೋಗ್ರಪಾ, ನಿಮ್ಮ ಹೊಟ್ಟಿ ತುಂಬೈತಿ" ಎನ್ನುತ್ತಿದ್ದರು. ಹುಣಸೆಬೀಜದಂಥ ಉಣ್ಣೆಗಳು ಮೈ ಭಾರಕ್ಕೆ ತೂಗುತ್ತಾ ಸಂದಿಯ ಕಡೆ ನಡೆದವು. ಅಲ್ಲೇ ಗೇಣಿನ ದೂರದಲ್ಲಿ ಕೆಂಚಿ ದಿನಾ ಮಲಗುವ ಗುಣಿ. ನನ್ನ ಕೈಯಲ್ಲಿದ್ದ ಮುಸುರೆಯ ಪಾತ್ರೆ ಹಾಗೇ ನಿಂತಿತು.

"ಮಾವಾರ, ಏನ ಮಾಡಾಕತ್ತೀರಿ ಅಂತ ಗೊತ್ತೈತೇನ್ರಿ? ಡಾಕ್ಟರು ಹೇಳಿದ್ದು ಇವನ್ನ. ಹೊಟ್ಟಿ ತುಂಬಿದ್ದು, ನೆಳ್ಳು, ಸಂದಿ. ಅವಕ್ಕ ಹುಡುಕೋ ತ್ರಾಸೂ ಇಲ್ಲದಂಗ ನೀವ ಒಯ್ದು ಮನಿ ಮಾಡಿ ಕೊಡಾಕತ್ತೀರಿ."

ಮಾವ ಚಿಪ್ಪು ಹಿಡಿದು ನಿಂತರು. "ಅಂದ್ರ… ಕರಿಯನ್ನ ಕೊಂದವ ನಾನ ಏನವ್ವಾ?"

ಬೇರೆ ಸೊಸೆಯಾಗಿದ್ದರೆ ಹಾಗಲ್ಲ ಎಂದು ಸಮಾಧಾನ ಹೇಳುತ್ತಿದ್ದಳು. ನನಗೆ ಆ ವಿದ್ಯೆ ಬರುವುದಿಲ್ಲ. "ಹೌದ್ರಿ" ಎಂದೆ. "ಬೇಕಂತ ಕೊಲ್ಲಲಿಲ್ಲ. ಇನ್ನು ಕೆಂಚಿ ಉಳೀಬೇಕಂದ್ರ ಇದನ್ನ ಬಿಡ್ರಿ. ಕಿತ್ತದ್ದನ್ನ ಒಲಿಗೆ ಹಾಕ್ರಿ."

"ಸೋಮವಾರ ಆಗಂಗಿಲ್ಲ."

"ಸೋಮವಾರ ಅಂತ ಉಣ್ಣಿ ಉಪವಾಸ ಮಾಡ್ತಾವೇನ್ರಿ?"

ನಾನು ಜೋರು ಮಾಡಿದೆ. ಅವರು ಜೋರು ಮಾಡಲಿಲ್ಲ. ಚಿಪ್ಪನ್ನು ಪಂಚೆಯ ಅಂಚಿನಿಂದ ಒರೆಸುತ್ತಾ ಹೇಳಿದರು. "ನಿನ್ನ ಗಂಡ ಕೂಸಿದ್ದಾಗ ಜ್ವರ ಬಂದು ಕಣ್ಣು ತೇಲಿಸಿಬಿಟ್ಟಿದ್ದ. ನಿಮ್ಮತ್ತಿ ಅಳೋದೂ ಬಿಟ್ಟಿದ್ಲು. ನಾ ಈಶ್ವರನ ಗುಡಿಗೆ ಹೋಗಿ, ಇವನ್ನ ಉಳಿಸು, ಸೋಮವಾರ ನನ್ನ ಕೈಲೆ ಒಂದು ಜೀವಾನೂ ತೆಗಿಯಂಗಿಲ್ಲ ಅಂತ ಬೇಡಿಕೊಂಡೆ. ಉಳದ. ಈಗ ನಾಯಿ ಸಲುವಾಗಿ ಮಾತು ಮುರದು, ಅವನಿಗೇನಾರ ಆದ್ರ? ನೀನ ಹೇಳವ್ವಾ, ಮುರೀಲೇನು?"

ಕೂತುಕೊಂಡು ಕೇಳುತ್ತಿರುವವರಿಗೆ ಇದು ಸುಲಭ. ಉಣ್ಣೆಗೂ ಗಂಡನಿಗೂ ಏನು ಸಂಬಂಧ ಎನ್ನುತ್ತೀರಿ. ನಾನೂ ನಾಲ್ಕನೇ ಕ್ಲಾಸು ಕಲಿತವಳು, ಸಂಬಂಧ ಇಲ್ಲವೆಂದು ನನಗೂ ಗೊತ್ತು. ಆದರೆ "ಮುರೀರಿ" ಎಂದು ಹೇಳಬೇಕಾದವಳು ಅವನ ಹೆಂಡತಿ. ಹೊರಗೆ ಕಟ್ಟೆಯ ಮೇಲೆ ಕೂತು ನನ್ನ ಗಂಡ ಯಾರ ಜೊತೆಯೋ ನಗುತ್ತಿದ್ದ. ಪಾತ್ರೆ ಎತ್ತಿಕೊಂಡು ನಾನು ಒಳಗೆ ಹೋದೆ.

ರೊಟ್ಟಿ ಬಡಿಯುವಾಗ ಕೈಗೆ ಕೆಲಸ, ತಲೆಗೆ ಬಿಡುವು. ಆವತ್ತಿನ ರೊಟ್ಟಿಗಳು ಒಂದೂ ದುಂಡಗಾಗಲಿಲ್ಲ. ಅರ್ಧ ಬುಟ್ಟಿ ಬಡಿಯುವಷ್ಟರಲ್ಲಿ ಗೋಡೆಯ ನಾಗೊಂದಿಗೆಯ ಹಲಗೆಯ ಮೇಲೆ ಕಣ್ಣು ಹೋಯಿತು. ಅಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ ಇತ್ತು, ಗಟ್ಟಿ ಮುಚ್ಚಳದ್ದು. ಒಳಗಿದ್ದ ಗುಂಡಿ ದಾರ ಸುರುವಿ, ಹಿತ್ತಲಿಗೆ ಒಯ್ದು ಮಾವನ ಮುಂದೆ ಇಟ್ಟೆ.

"ಸೋಮವಾರ ಕೊಲ್ಲಬ್ಯಾಡ್ರಿ. ಕಿತ್ತು ಇದರಾಗ ಹಾಕಿ ಮುಚ್ಚಳ ಹಾಕ್ರಿ. ಮಂಗಳವಾರ ಹೊತ್ತು ಹುಟ್ಟಿದ ಮ್ಯಾಲೆ ನನ್ನ ಕೈಗೆ ಕೊಡ್ರಿ. ನಿಮ್ಮ ಸೋಮವಾರಾನೂ ಉಳೀತೈತಿ, ಕೈನೂ ಉಳೀತೈತಿ."

ಮಾವ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕೂಡಿಹಾಕೋದು ಕೊಂದಂಗ ಆಗಂಗಿಲ್ಲಲ್ಲ?"

"ನಮ್ಮಪ್ಪ ನನ್ನ ಈ ಮನಿಗೆ ಕೊಟ್ಟು ಇಪ್ಪತ್ತು ವರ್ಸದ ಮ್ಯಾಲಾತು. ಸತ್ತೀನೇನ್ರಿ?"

ಅತ್ತೆ ಸತ್ತ ಮೇಲೆ ಮಾವ ಬಾಯಿ ತೆರೆದು ನಕ್ಕದ್ದನ್ನು ಅವತ್ತೇ ನೋಡಿದ್ದು. ಆಮೇಲೆ ಗೋಡೆಯ ಬುಡದಲ್ಲಿ ಮಂಡಿಯೂರಿ ಕೂತರು. ಕಣ್ಣಿಗೆ ಮಬ್ಬು. ಬೆರಳಲ್ಲಿ ಮಣ್ಣು ತಡಕುತ್ತಾ, ಆಗತಾನೆ ಬಿಟ್ಟ ಉಣ್ಣೆಗಳನ್ನು ಒಂದೊಂದಾಗಿ ಮತ್ತೆ ಆರಿಸಿ ಡಬ್ಬಿಗೆ ಹಾಕಿದರು. ಹಿಂದೆಲ್ಲ ಬಿಟ್ಟದ್ದನ್ನೂ ಅವತ್ತೇ ಆರಿಸಿಬಿಡುವವರ ಹಾಗೆ ಮಧ್ಯಾಹ್ನದವರೆಗೆ ಮೇಲೆ ಏಳಲಿಲ್ಲ. ನಾನೂ ಏಳಿ ಅನ್ನಲಿಲ್ಲ.

ಮಂಗಳವಾರ ಬೆಳಿಗ್ಗೆ ಡಬ್ಬಿ ನನ್ನ ಕೈಗೆ ಬಂತು. ಕುದಿಯುವ ನೀರು ಹೊಯ್ದೆ. ನನಗೆ ಯಾವ ಹರಕೆಯೂ ಇರಲಿಲ್ಲ.

ಆದರೆ ಗೋಡೆಯೊಳಗೆ ಹಳೆಯವರ ಸಂಸಾರ ಇತ್ತಲ್ಲ. ಕೆಂಚಿಯನ್ನು ಮುಂದಿನ ಪಡಸಾಲೆಗೆ ತಂದು ಕಟ್ಟಿ, ಅವಳು ಮಲಗುತ್ತಿದ್ದ ಗೋಣಿಚೀಲ ಸುಟ್ಟೆವು. ನನ್ನ ಗಂಡ ಬೇವಿನ ಬುಡದ ಮಣ್ಣನ್ನು ಗೇಣಾಳ ಕೆರೆದು ಹೊರಗೆ ಒಯ್ದು ಹುಲ್ಲು ಹಾಕಿ ಸುಟ್ಟ. ನಾನು ಗೋಡೆಯ ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಕೆಮ್ಮಣ್ಣಿಗೆ ಸೆಗಣಿ ಸುಣ್ಣ ಕಲಸಿ ಮೆತ್ತಿದೆ. ಒಂದು ಸಂದಿಯಲ್ಲಿ ಕಂದು ಗಸಗಸೆಯ ಹಾಗೆ ಅಂಟಿಕೊಂಡ ಮೊಟ್ಟೆಗಳ ಗುಡ್ಡೆ ಸಿಕ್ಕಿತು, ಮಾವನನ್ನು ಕರೆದು ತೋರಿಸಿದೆ. ಇನ್ನೊಂದರಲ್ಲಿ ಅತ್ತೆಯ ನಶ್ಯದ ಡಬ್ಬಿ ಸಿಕ್ಕಿತು, ಅದನ್ನು ತೋರಿಸಲಿಲ್ಲ, ಅಲ್ಲೇ ಇಟ್ಟು ಮೆತ್ತಿದೆ.

ಗೋಡೆಯ ಆಚೆ ಹುಲಿಗೆವ್ವನ ಮನೆ. ಅವಳು ಕೋಳಿ ಸಾಕಿದ್ದಳು. ನಮ್ಮಲ್ಲಿ ಕೋಳಿ ಸಾಕುವ ಪದ್ಧತಿ ಇಲ್ಲ, ಅವು ನಮ್ಮ ಹಿತ್ತಲಿಗೆ ಹಾರಿದರೆ ನಾನು ಕಲ್ಲು ಬೀಸುತ್ತಿದ್ದೆ. ಮಣ್ಣು ಕೆರೆದ ದಿನ ಒಂದು ಹುಂಜ ಗೋಡೆ ಹಾರಿ ಬಂದು ಕಟಕಟ ಉಣ್ಣೆ ಆರಿಸುವುದನ್ನು ನೋಡಿದೆ. ಎತ್ತಿದ ಕಲ್ಲನ್ನು ಮೆಲ್ಲಗೆ ಕೆಳಗೆ ಇಟ್ಟು, ಒಳಗಿಂದ ಒಂದು ಹಿಡಿ ಜೋಳ ತಂದು ಎರಚಿದೆ.

ಗೋಡೆಯ ಮೇಲೆ ಹುಲಿಗೆವ್ವನ ಮುಖ ಬಂತು. "ಏನ್ರಿ ಅಕ್ಕಾರ, ನಿನ್ನಿ ತನಕ ಕಲ್ಲು ಒಗಿತಿದ್ರಿ, ಇವತ್ತು ಕಾಳು? ನನ್ನ ಹುಂಜಕ್ಕ ಹೆಣ್ಣು ನೋಡೀರೇನು?"

"ಉಣ್ಣಿ ತಿಂತೈತಿ ಹುಲಿಗೆವ್ವ. ಎಲ್ಲಾನೂ ಬಿಡವ್ವಾ ಈ ಕಡಿ."

"ಬಿಡ್ತೀನಿ. ಮೊಟ್ಟಿ ನಿಮ್ಮ ಹಿತ್ತಲದಾಗ ಇಟ್ರ ನನ್ನವ ಮತ್ತ."

"ಒಯ್ಯೇ ನಮ್ಮವ್ವಾ, ಅವನ್ನ ಇಟ್ಕೊಂಡು ನಾ ಏನು ಕಾವು ಕೂಡ್ಲೇನು?"

ಮಾವನಿಗೆ ಹೊಸ ಚಿಂತೆ ಶುರುವಾಯಿತು. ಸೋಮವಾರ ಕೋಳಿ ಉಣ್ಣೆಯನ್ನು ಕೊಂದರೆ ಅದು ಯಾರ ಲೆಕ್ಕಕ್ಕೆ? ಹುಲಿಗೆವ್ವನೇ ತೀರ್ಮಾನ ಕೊಟ್ಟಳು: "ಯಜ್ಜಾ, ನನ್ನ ಕೋಳಿ ಯಾವ ಗುಡಿಗೆ ಹೋಗಿ ಹರಕಿ ಹೊತ್ತಾವು? ಅವಕ್ಕ ಸೋಮವಾರಾನೂ ಹಸಿವು." ಮಾವ ಒಪ್ಪಿದರು. ಆದರೂ ಸೋಮವಾರ ಕೋಳಿ ಬರುವ ಹೊತ್ತಿಗೆ ಸರಿಯಾಗಿ ಗುಡಿಗೆ ಹೊರಡುತ್ತಿದ್ದರು.

ಇಷ್ಟೆಲ್ಲ ನಡೆಯುವಾಗ ಕೆಂಚಿ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಡಾಕ್ಟರು ಹೇಳಿದ ದಿನಕ್ಕೆ ಮತ್ತೆ ತೆಲಿಗಿಗೆ ಒಯ್ದೆವು. ಅದೇ ಕಂಡಕ್ಟರು "ಮೊಮ್ಮಗಳು ಹೆಂಗದಾಳ?" ಎಂದು ಕೇಳಿದ. ಮಾವ ಮಜ್ಜಿಗೆಯಲ್ಲಿ ಬೆರಳು ಅದ್ದಿ ನೆಕ್ಕಿಸುವರು, ತಮ್ಮ ರೊಟ್ಟಿಯನ್ನು ಹಾಗೇ ಬುಟ್ಟಿಗೆ ವಾಪಸ್ಸು ಇಡುವರು. ನನ್ನ ಗಂಡ ಬೈದ, ಕೇಳಲಿಲ್ಲ.

ಒಂದು ಬೆಳಿಗ್ಗೆ ನಾನು ಒಲೆಯ ಮುಂದೆ ಕೂತಿದ್ದೆ. ಬಾಗಿಲಲ್ಲಿ ಏನೋ ನೆರಳು ಸರಿಯಿತು. ಕೆಂಚಿ, ನಾಲ್ಕು ಕಾಲೂ ನಾಲ್ಕು ಕಡೆ ಹೋಗುತ್ತಿದ್ದವು, ಬಂದು ಹೊಸ್ತಿಲಿಗೆ ಗದ್ದ ಇಟ್ಟು ಕೂತಳು. ಮಾವ ರೊಟ್ಟಿ ಮುರಿದು ಚೂರು ಹಾಕಿದರು. ಮೂಸಿದಳು. ತಿಂದಳು. ಮಾವ ತಮ್ಮ ತುತ್ತು ಬಾಯಿಗೆ ಇಟ್ಟುಕೊಂಡು ಅಗಿಯುವುದನ್ನು ಮರೆತು ಕೂತರು. "ಪಲ್ಯ ಆರ್ತೈತಿ" ಎಂದೆ ನಾನು. ಹೊಗೆ ಬಹಳ ಇತ್ತು ಅವತ್ತು.

ಆಮೇಲೆ ಪ್ರತಿ ಸೋಮವಾರ ಡಬ್ಬಿ, ಪ್ರತಿ ಮಂಗಳವಾರ ಬಿಸಿನೀರು. ಮೊಟ್ಟೆಯಲ್ಲಿದ್ದವು ಮರಿಯಾಗಿ ಬರುತ್ತಲೇ ಇದ್ದವು, ನಾವು ಬಿಡಲಿಲ್ಲ. ಚಳಿಗಾಲದ ಒಂದು ಸೋಮವಾರ ಮಾವ ಕೆಂಚಿಯ ಮೈಯೆಲ್ಲ ತಡಕಿ ಬಂದು ಡಬ್ಬಿಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದೇ ಇಲ್ಲ. "ಖಾಲಿ ಐತವ್ವಾ" ಎಂದರು. ಸಂತೋಷವೋ, ಸೋಮವಾರಕ್ಕೆ ಇನ್ನು ಕೆಲಸ ಇಲ್ಲವಲ್ಲ ಎಂಬ ಬೇಜಾರೋ, ನನಗೆ ತಿಳಿಯಲಿಲ್ಲ. ಅವತ್ತೇ ನಾನು ಕೇಳಿದೆ: "ಮಾವಾರ, ಈ ಹರಕಿ ಎಲ್ಲಿ ತನಕ?"

"ನಾ ಇರೋತನಕ ನಾ ನಡಸ್ತೀನಿ. ಆಮ್ಯಾಲ ಯಾರು ನಡಸ್ತಾರೋ, ಯಾರು ಬಿಡ್ತಾರೋ, ನಾ ಏನು ಕೇಳಾಕ ಬರ್ತೀನೇನು?"

ಅವರು ಹೋಗಿ ಬಹಳ ವರ್ಷವಾಯಿತು. ಕೆಂಚಿ ಅವರಿಗಿಂತ ಒಂದು ಮಳೆಗಾಲ ಹೆಚ್ಚು ಬದುಕಿ, ವಯಸ್ಸಾಗಿ ಸತ್ತಳು. ಆ ಮಳೆಗಾಲವೆಲ್ಲ ಮೊದಲ ಚೂರು ನಾನೇ ಹಾಕಿದೆ. ಬಾಗಿಲಲ್ಲಿ ಕೂತು ನೋಡುತ್ತಿದ್ದರೆ ಏನು ಮಾಡುವುದು? ಕೇಳಲು ಬರುವುದಿಲ್ಲ ಎಂದವರು, ಹೇಳಿದ ಹಾಗೆ, ಒಮ್ಮೆಯೂ ಬರಲಿಲ್ಲ.

ಪಲ್ಲವಿ ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿ ತಂದಳು. ಕಾಗದದಲ್ಲಿದ್ದ ಉಣ್ಣೆಯನ್ನು ಒಳಗೆ ಉದುರಿಸಿದೆ.

"ಈಗ ಏನು ಅಜ್ಜಿ? ಸಾಕ್ತೀಯೇನು ಇದನ್ನ?"

"ನಾಳೆ ಬೆಳಿಗ್ಗೆ ನೀರು ಕಾಸಿ ಕೊಡು. ಅಷ್ಟರಾಗ ಪಿಂಕಿ ಹಾಸಿಗಿ ತಗದು ಬಿಸಿಲಿಗೆ ಹಾಕು. ಆ ಸೋಫಾದ ಸಂದಿ, ಬಾಗಿಲ ಹಿಂದಿನ ಸಂದಿ, ಎಲ್ಲಾ ನೋಡು. ಒಂದು ಕಂಡಿತು ಅಂದ್ರ ಒಂದ ಇರಂಗಿಲ್ಲ."

"ಅದನ್ನ ಇವತ್ತ ಕೊಂದ್ರ ಏನಾಕ್ಕತಿ?"

"ಏನೂ ಆಗಂಗಿಲ್ಲ" ಎಂದೆ. ಅದು ನಿಜ. ನಾನು ಯಾವ ಗುಡಿಯಲ್ಲೂ ಏನನ್ನೂ ಬೇಡಿಕೊಂಡವಳಲ್ಲ.

ಒಳಗಿನ ಕೋಣೆಯಲ್ಲಿ ನನ್ನ ಗಂಡ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಸದ್ದಾಯಿತು. ಎರಡು ಸಲ ಕೆಮ್ಮಿದ. ಮಂಚದ ಕೆಳಗೆ ಕಾಲಿನಿಂದ ಚಪ್ಪಲಿ ಹುಡುಕಿದ. ಆಮೇಲೆ ಅದೇ ಮಾತು, ಐವತ್ತು ವರ್ಷದಿಂದ ಕೇಳಿದ್ದು: "ಚಾ ಆತೇನ ಲೇ?"

ಡಬ್ಬಿಯ ಮುಚ್ಚಳವನ್ನು ಇನ್ನೊಂದು ಸುತ್ತು ಗಟ್ಟಿಯಾಗಿ ತಿರುವಿ, ಸೆರಗಿನಿಂದ ಅವರೆಯ ಸಿಪ್ಪೆ ಕೊಡವಿ, ಚಹಾಕ್ಕೆ ಎದ್ದೆ.